ಪರವಾಗಿಲ್ಲ, ನೋಡೋಣ, ಆಂಟಿ: ಚಿಕ್ಕ ಮಾತಿಗೆ ಮೈ ಉರಿಯುವುದೇಕೆ?

ಪ್ರಶ್ನೆ: ನನಗೆ 43 ವರ್ಷ. ಮೈಸೂರಿನ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇತ್ತೀಚೆಗೆ ಕೆಲವು ಮಾತು ಕಿವಿಗೆ ಬಿದ್ದರೆ ಸಾಕು, ರೇಗಿ ಹೋಗುತ್ತದೆ. ಕಾಲೇಜಿಗೆ ಹೋಗುವ ಮಗಳು ಬಾಯಿ ತೆಗೆದರೆ ‘ಆಕ್ಚುಲಿ’, ‘ಒಂಥರಾ’. ರಜೆ ಕೇಳಿದರೆ ಮ್ಯಾನೇಜರ್ ‘ನೋಡೋಣ’ ಅಂತಾರೆ. ನಾದಿನಿ ‘ಬೇಜಾರು ಮಾಡ್ಕೋಬೇಡಿ ಅತ್ತಿಗೆ’ ಅಂತ ಶುರು ಮಾಡಿದರೆ ಮುಂದೆ ಚುಚ್ಚು ಮಾತು ಬರುತ್ತದೆ ಅಂತಲೇ ಲೆಕ್ಕ. ಅಂಗಡಿ ಹುಡುಗರ ಬಾಯಲ್ಲಿ ನಾನು ‘ಆಂಟಿ’. ಎಲ್ಲಕ್ಕಿಂತ ಜಾಸ್ತಿ ನೋವು ಮನೆಯಲ್ಲಿ. ಊಟ ಹೇಗಿದೆ ಅಂದರೆ ನಮ್ಮ ಯಜಮಾನರು ‘ಪರವಾಗಿಲ್ಲ’ ಅಂತಾರೆ. ಹತ್ತೊಂಬತ್ತು ವರ್ಷದಿಂದ ಅದೇ ಉತ್ತರ. ಇಷ್ಟು ಸಣ್ಣ ಮಾತಿಗೆ ಹೀಗಾಗುವುದು ನನ್ನ ದೋಷವಾ? ಇಲ್ಲ ನಮ್ಮ ಕನ್ನಡವೇ ಕೆಡುತ್ತಾ ಇದೆಯಾ?

ಉತ್ತರ: ನಿಮ್ಮ ದೋಷವೂ ಅಲ್ಲ, ಕನ್ನಡ ಕೆಡುತ್ತಲೂ ಇಲ್ಲ. ಕನ್ನಡ ಭಾಷಾವಿಜ್ಞಾನ ಪಾಠ ಮಾಡುತ್ತಾ ನನ್ನ ಅರ್ಧ ಆಯಸ್ಸು ಕಳೆದಿದೆ. ನಿಮ್ಮ ಹಾಗೆ ಕೇಳಿದವರು ಒಬ್ಬಿಬ್ಬರಲ್ಲ. ಕೇಳುವಾಗ ಎಲ್ಲರೂ ಸ್ವಲ್ಪ ನಾಚಿಕೊಳ್ಳುತ್ತಾರೆ, ‘ಇದೂ ಒಂದು ತೊಂದರೆನಾ’ ಅನ್ನುವ ಹಾಗೆ. ನಾಚಿಕೊಳ್ಳಬೇಕಾಗಿಲ್ಲ. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು ಮನಸ್ಸಿಗೆ ತಾಗದೆ ಇರುತ್ತದಾ?

ಆದರೆ ನಿಮ್ಮ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಕಿರಿಕಿರಿ ಬೆರೆತುಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ. ಮಗಳ ಮಾತು ಒಂದು ಬಗೆ. ಅದು ನಿಮ್ಮ ಕಿವಿಗೆ ಒಗ್ಗಿಲ್ಲ, ಅಷ್ಟೇ. ಆ ಮಾತು ನಿಮ್ಮಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಮ್ಯಾನೇಜರ್, ನಾದಿನಿ, ಅಂಗಡಿ ಹುಡುಗ, ಯಜಮಾನರು, ಈ ನಾಲ್ವರ ಮಾತು ಇನ್ನೊಂದು ಬಗೆ. ಅವು ನಿಮ್ಮನ್ನು ಎಲ್ಲೋ ಒಂದು ಕಡೆ ನಿಲ್ಲಿಸುತ್ತವೆ. ಅಲ್ಲಿ ನಿಲ್ಲುವುದು ನಿಮಗೆ ಇಷ್ಟವಿಲ್ಲ. ಮೊದಲನೆಯದನ್ನು ಬಿಟ್ಟುಬಿಡಬಹುದು. ಎರಡನೆಯದಕ್ಕೆ ಬಾಯಿ ತೆಗೆದು ಉತ್ತರ ಹೇಳಬೇಕು.

ಮಗಳಿಂದ ಶುರು ಮಾಡುತ್ತೇನೆ.

‘ಒಂಥರಾ’ ಅಂದರೆ ‘ಒಂದು ತರಹ’. ‘ತರಹ’ ಅರಬ್ಬಿಯಿಂದ ಫಾರಸಿಗೆ ಹೋಗಿ ಅಲ್ಲಿಂದ ನಮ್ಮಲ್ಲಿಗೆ ಬಂದ ಪದ. ನೀವು ಪತ್ರದಲ್ಲಿ ಬರೆದ ‘ಜಾಸ್ತಿ’ಯೂ ಅದೇ ದಾರಿಯಲ್ಲಿ ಬಂದದ್ದು. ನಾದಿನಿಯ ‘ಬೇಜಾರು’ ಫಾರಸಿಯದು. ಇವು ಒಂದು ಕಾಲಕ್ಕೆ ಹೊರಗಿನ ಪದಗಳಾಗಿದ್ದವು ಅನ್ನುವ ನೆನಪೇ ನಮಗಿಲ್ಲ. ಹಿಂದಿನವರು ಬಳಸಿ ಬಳಸಿ ನಮ್ಮ ಕೈಗೆ ಬರುವಷ್ಟರಲ್ಲಿ ಅವು ಮನೆಯ ಪಾತ್ರೆಗಳೇ ಆಗಿಹೋಗಿದ್ದವು. ‘ಆಕ್ಚುಲಿ’ ಇನ್ನೂ ಅಂಗಡಿಯಿಂದ ತಂದ ಹೊಳಪಿನಲ್ಲೇ ಇದೆ. ಅದಕ್ಕೇ ಕಣ್ಣು ಕುಕ್ಕುತ್ತದೆ.

ಬೆರಕೆ ಕಂಡರೆ ರೇಗುವುದು ಇಂದು ನಿನ್ನೆಯದಲ್ಲ. ಗದಗದ ಹತ್ತಿರ ಮುಳಗುಂದ ಇದೆಯಲ್ಲ, ಆ ಊರಿನ ಕವಿ ನಯಸೇನ 1112ರ ಸುಮಾರಿಗೆ ‘ಧರ್ಮಾಮೃತ’ ಬರೆದ. ಅದರಲ್ಲಿ ಅವನು ಇದೇ ಸಿಟ್ಟು ತೋರಿಸಿಕೊಂಡಿದ್ದಾನೆ. ಸಂಸ್ಕೃತದಲ್ಲೇ ಹೇಳಬೇಕಿದ್ದರೆ ಪೂರ್ತಿ ಸಂಸ್ಕೃತದಲ್ಲಿ ಹೇಳಲಿ, ಶುದ್ಧ ಕನ್ನಡದೊಳಗೆ ಅದನ್ನು ತಂದು ಹಾಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗಲ್ಲವೇ ಅನ್ನುತ್ತಾನೆ. ಒಂಬೈನೂರು ವರ್ಷದ ಹಿಂದಿನ ಮಾತು. ಅವತ್ತು ಅವನ ಕಿವಿಗೆ ಸಂಸ್ಕೃತ, ಇವತ್ತು ನಿಮ್ಮ ಕಿವಿಗೆ ಇಂಗ್ಲಿಷ್. ಆದರೆ ನನಗೆ ನಯಸೇನನ ಬಗ್ಗೆ ಗೌರವವಿದೆ. ತನ್ನ ಮಾತನ್ನು ಹಚ್ಚಿಕೊಂಡವನಿಗೆ ಮಾತ್ರ ಆ ಸಿಟ್ಟು ಬರುತ್ತದೆ. ನಿಮ್ಮದೂ ಅಂಥದೇ ಸಿಟ್ಟು.

ಇನ್ನೊಂದು ವಿಷಯ. ‘ಇತ್ತೀಚೆಗೆ’ ಅಂತ ಬರೆದಿದ್ದೀರಿ. ನಾವು ಒಂದು ಮಾತನ್ನು ಈಚೆಗೆ ಗಮನಿಸಿದರೆ ಅದು ಹುಟ್ಟಿದ್ದೇ ಈಚೆಗೆ ಅಂದುಕೊಳ್ಳುತ್ತೇವೆ. ಒಂದು ಸಲ ಗಮನಿಸಿದ ಮೇಲೆ ಎಲ್ಲಿ ನೋಡಿದರೂ ಅದೇ ಕೇಳುತ್ತದೆ. ಆರ್ನಾಲ್ಡ್ ಜ್ವಿಕಿ ಎಂಬ ಅಮೆರಿಕದ ಭಾಷಾವಿಜ್ಞಾನಿ 2005ರಲ್ಲಿ ಈ ಎರಡು ಭ್ರಮೆಗಳಿಗೂ ಹೆಸರಿಟ್ಟರು. ನಿಮ್ಮ ಮಗಳು ‘ಒಂಥರಾ’ ಅನ್ನುವುದು ಎಲ್ಲ ಮಾತಿಗೂ ಇರಲಾರದು. ಆದರೆ ಅದು ಬಂದಾಗಲೆಲ್ಲ ನಿಮ್ಮ ಕಿವಿ ನಿಮಿರುತ್ತದೆ. ಬಾರದೆ ಇದ್ದಾಗ ಕಿವಿ ಲೆಕ್ಕ ಇಡುವುದಿಲ್ಲ.

ಮತ್ತೆ, ಆ ಪದ ಸುಮ್ನೆ ಬಂದದ್ದಲ್ಲ. ‘ನಂಗೆ ಖುಷಿಯಾಯ್ತು’ ಅನ್ನುವುದಕ್ಕೂ ‘ನಂಗೆ ಒಂಥರಾ ಖುಷಿಯಾಯ್ತು’ ಅನ್ನುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಎರಡನೆಯದರಲ್ಲಿ ‘ಇದು ಪೂರ್ತಿ ಖುಷಿ ಅಲ್ಲ, ಹೇಳೋಕೆ ಸರಿಯಾದ ಪದ ಸಿಗ್ತಾ ಇಲ್ಲ’ ಅನ್ನುವುದಿದೆ. ಇಪ್ಪತ್ತರ ಆಸುಪಾಸಿನವರ ಮನಸ್ಸಿನಲ್ಲಿ ಅಂಥ ಅರೆಬರೆ ಭಾವಗಳೇ ಹೆಚ್ಚು. ‘ಆಕ್ಚುಲಿ’ಗೂ ಕೆಲಸ ಇದೆ. ನೀವು ಅಂದುಕೊಂಡಿರುವುದು ಒಂದು, ನಾನು ಹೇಳಲಿಕ್ಕೆ ಹೊರಟಿರುವುದು ಇನ್ನೊಂದು ಅಂತ ಮುಂಚೆಯೇ ತಿಳಿಸುವ ಕೆಲಸ. ನಮ್ಮ ತಲೆಮಾರಿನವರು ಅದನ್ನೇ ‘ನಿಜ ಹೇಳ್ಬೇಕು ಅಂದ್ರೆ’, ‘ಏನಪ್ಪಾ ಅಂದ್ರೆ’ ಅನ್ನುತ್ತಿದ್ದೆವು. ಈಗಲೂ ಅನ್ನುತ್ತೇವೆ.

ಬಹಳ ವರ್ಷದ ಹಿಂದೆ ಹಾಸನ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯಿಂದ ಕಥೆ ಹೇಳಿಸಿ ಟೇಪ್ ಮಾಡಿಕೊಂಡಿದ್ದೆವು. ಜಗುಲಿಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ, ಆಕೆ ಮುಕ್ಕಾಲು ಗಂಟೆ ಹೇಳಿದಳು. ಎರಡು ಮಾತಿಗೊಮ್ಮೆ ‘ಕಣಪ್ಪಾ’. ‘ಆ ರಾಜನ್ಗೆ ಮಕ್ಳಿರ್ಲಿಲ್ವಂತೆ ಕಣಪ್ಪಾ. ಏನ್ ಮಾಡ್ದ್ರೂ ಆಗ್ಲಿಲ್ವಂತೆ ಕಣಪ್ಪಾ.’ ಅದನ್ನು ಬರೆದುಕೊಳ್ಳುವಾಗ ನನ್ನ ಒಬ್ಬ ವಿದ್ಯಾರ್ಥಿ ಬೇಸರಪಟ್ಟು ‘ಸಾರ್, ಈ ಕಣಪ್ಪಾ ಎಲ್ಲ ತೆಗೆದುಬಿಡ್ಲಾ?’ ಅಂದ. ಸರಿ, ತೆಗೆದು ನೋಡು ಅಂದೆ. ತೆಗೆದು ಓದಿದ. ಕಥೆ ಅಷ್ಟೂ ಇತ್ತು, ಅಜ್ಜಿ ಇರಲಿಲ್ಲ. ಪ್ರತಿ ‘ಕಣಪ್ಪಾ’ಗೂ ಆಕೆ ನಮ್ಮ ಮುಖ ನೋಡುತ್ತಿದ್ದಳು. ಕೇಳ್ತಾ ಇದ್ದೀರಾ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಮುಂದಿನ ಮಾತು ಜೋಡಿಸಿಕೊಳ್ಳುತ್ತಿದ್ದಳು. ಆ ಹುಡುಗ ಎಲ್ಲ ‘ಕಣಪ್ಪಾ’ಗಳನ್ನೂ ಮತ್ತೆ ಸೇರಿಸಿ ಬರೆದುಕೊಟ್ಟ.

ಮಾತಿನ ನಡುವೆ ‘ಅ…’, ‘ಮ್…’ ಅಂತ ಎಳೆಯುವುದಕ್ಕೂ ಅರ್ಥವಿದೆ. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಎಂಬ ಇಬ್ಬರು ವಿದ್ವಾಂಸರು ಇಂಗ್ಲಿಷಿನ ಇಂಥ ಸದ್ದುಗಳನ್ನು ಪರೀಕ್ಷಿಸಿ 2002ರಲ್ಲಿ ಬರೆದರು. ಒಂದು ಸದ್ದು ‘ಚಿಕ್ಕ ತಡ ಆಗುತ್ತೆ’ ಅಂತ ಹೇಳಿದರೆ, ಇನ್ನೊಂದು ‘ಸ್ವಲ್ಪ ಹೆಚ್ಚೇ ತಡ ಆಗುತ್ತೆ, ಇರಿ’ ಅಂತ ಹೇಳುತ್ತದೆ ಎಂಬುದು ಅವರ ವಾದ.

ಅಡುಗೆ ವಿಡಿಯೋಗಳಲ್ಲಿ ‘ಉಪ್ಪು ಹಾಕ್ಬಿಟ್ಟು, ಮಿಕ್ಸ್ ಮಾಡ್ಬಿಟ್ಟು’ ಅನ್ನುವುದನ್ನು ಕೇಳಿ ಸಾಕಾಗಿದೆ ಅಂತ ಬೇರೆ ಹಲವರು ಬರೆಯುತ್ತಾರೆ. ಅದೂ ಇದೇ ಗುಂಪಿಗೆ ಸೇರುತ್ತದೆ. ‘ಬಿಡು’ ತನ್ನ ಮೂಲ ಅರ್ಥ ಕಳೆದುಕೊಂಡು ‘ಪೂರ್ತಿ ಮುಗಿಸು’ ಅನ್ನುವ ಕೆಲಸಕ್ಕೆ ಸೇರಿ ಎಷ್ಟೋ ಕಾಲವಾಯಿತು. ‘ಅಂತ’ ಕೂಡ ಹಾಗೆಯೇ. ‘ಅನ್ನುತ್ತ’ ಅನ್ನುವುದು ಸವೆದು ಸವೆದು ‘ಅಂತ’ ಆಗಿದೆ. ಅದಿಲ್ಲದೆ ಇವತ್ತು ನಾವು ಹತ್ತು ನಿಮಿಷ ಮಾತಾಡಲಾರೆವು. ನದಿಯ ಕಲ್ಲಿನ ಹಾಗೆ ಪದವೂ ಉರುಳಿದಷ್ಟೂ ಸವೆಯುತ್ತದೆ.

ಮಗಳ ಕಡೆಯಿಂದಲೂ ಒಮ್ಮೆ ಯೋಚಿಸಿ. ನೀವು ಮಧ್ಯಾಹ್ನ ಮೂರೂವರೆಗೆ ಫೋನ್ ಮಾಡಿ ‘ಊಟ ಆಯ್ತಾ?’ ಅಂತ ಕೇಳುವವರಾಗಿದ್ದರೆ, ಅದು ಅವಳಿಗೆ ಕಿರಿಕಿರಿ ಇರಬಹುದು. ಆ ಪ್ರಶ್ನೆ ಊಟದ ಬಗ್ಗೆ ಅಲ್ಲ, ‘ನೀನು ನನ್ನ ಮನಸ್ಸಿನಲ್ಲಿದ್ದೀಯ’ ಅನ್ನುವುದಕ್ಕೆ ಅಂತ ಅವಳಿಗೆ ಇನ್ನೂ ಕಾಣಿಸಿಲ್ಲ. ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ 1923ರಲ್ಲೇ ಇಂಥ ಮಾತುಗಳ ಬಗ್ಗೆ ಬರೆದಿದ್ದರು. ವಿಷಯ ತಿಳಿಸಲಿಕ್ಕಲ್ಲ, ಬಂಧ ಉಳಿಸಿಕೊಳ್ಳಲಿಕ್ಕೆ ಆಡುವ ಮಾತು ಇವು. ನಿಮ್ಮ ‘ಊಟ ಆಯ್ತಾ’ವನ್ನು ಅವಳು ಸಹಿಸಿಕೊಳ್ಳಲಿ, ಅವಳ ‘ಒಂಥರಾ’ವನ್ನು ನೀವು ಬಿಟ್ಟುಬಿಡಿ.

ಈಗ ಎರಡನೆಯ ಬಗೆ. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ.

‘ನೋಡೋಣ’ ತಗೊಳ್ಳಿ. ಹೋಗೋಣ, ತಿನ್ನೋಣ, ಕೂತ್ಕೊಳ್ಳೋಣ. ಕೊನೆಯ ಆ ‘ಓಣ’ ಇದೆಯಲ್ಲ, ಅದು ಕೇಳುವವರನ್ನೂ ಸೇರಿಸಿಕೊಳ್ಳುತ್ತದೆ. ನಮ್ಮ ‘ನಾವು’ಗೆ ಆ ಗುಣವಿಲ್ಲ. ‘ನಾವು ಊರಿಗೆ ಹೋಗ್ತೀವಿ’ ಅಂದರೆ ನೀವೂ ಸೇರಿದ್ದೀರಾ ಇಲ್ಲವಾ ಗೊತ್ತಾಗುವುದಿಲ್ಲ. ತುಳುವಿನಲ್ಲಿ ಇದಕ್ಕೆ ಎರಡು ಪದವೇ ಇವೆ. ಕೇಳುವವರನ್ನು ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಲು’. ಕನ್ನಡದ ‘ನಾವು’ ಆ ಭೇದ ಮಾಡುವುದಿಲ್ಲ. ಆದರೆ ‘ಹೋಗೋಣ’ ಅಂದರೆ ಅನುಮಾನವೇ ಇಲ್ಲ, ನೀವೂ ಇದ್ದೀರಿ.

ಇಬ್ಬರು ಗೆಳತಿಯರು ‘ಆ ಸೀರೆ ಅಂಗಡಿಗೆ ಒಮ್ಮೆ ಹೋಗಿ ನೋಡೋಣ’ ಅಂದರೆ ಅದು ಸಿಹಿ ಮಾತು. ಮ್ಯಾನೇಜರ್ ‘ನೋಡೋಣ’ ಅಂದಾಗ ನೋಡುವವರು ಅವರು ಒಬ್ಬರೇ. ರಜೆ ಕೊಡುವುದು ಬಿಡುವುದು ಅವರ ಕೈಯಲ್ಲಿದೆ. ಆದರೆ ಮಾತಿನ ಬಾಲ ನಿಮ್ಮನ್ನೂ ಅದರೊಳಗೆ ಎಳೆದುಕೊಂಡಿದೆ. ‘ಇಲ್ಲ’ ಅಂದಿದ್ದರೆ ‘ಯಾಕೆ?’ ಅನ್ನಬಹುದಿತ್ತು. ‘ಆಯ್ತು’ ಅಂದಿದ್ದರೆ ಟಿಕೆಟ್ ಬುಕ್ ಮಾಡಬಹುದಿತ್ತು. ‘ನೋಡೋಣ’ಕ್ಕೆ ಏನು ಹೇಳುತ್ತೀರಿ? ಇಬ್ಬರೂ ಸೇರಿ ನೋಡಲಿಕ್ಕೆ ಒಪ್ಪಿಕೊಂಡ ಹಾಗಾಯಿತು. ನಿಮ್ಮ ಮೈ ಉರಿಯುವುದು ಇದಕ್ಕೇ.

ನಾನು ನಿವೃತ್ತಿಯಾದ ಮೇಲೆ ಒಂದು ಕಡತಕ್ಕಾಗಿ ಒಂದು ಕಚೇರಿಗೆ ನಾಲ್ಕು ಸಲ ಅಲೆದೆ. ನಾಲ್ಕು ಸಲವೂ ‘ನೋಡೋಣ ಸಾರ್’. ಹೇಳುವವರ ದನಿ ಒರಟಾಗಿರಲಿಲ್ಲ, ಕುರ್ಚಿ ಕೊಟ್ಟು ಕೂರಿಸಿದರು. ಐದನೆಯ ಸಲ ‘ಯಾವತ್ತು ನೋಡೋಣ? ನಾನೂ ಬಂದು ಕೂರ್ತೀನಿ’ ಅಂದೆ. ಜಗಳದ ದನಿಯಲ್ಲಲ್ಲ, ಸಾವಧಾನವಾಗಿಯೇ. ಅವರು ಮೊದಲ ಸಲ ತಲೆ ಎತ್ತಿ ನೋಡಿ, ಕ್ಯಾಲೆಂಡರ್ ತಿರುವಿ, ಒಂದು ಗುರುವಾರ ಹೇಳಿದರು. ಆ ಗುರುವಾರ ಕೆಲಸ ಆಯಿತು. ನೀವೂ ಹಾಗೆಯೇ ಮಾಡಿ. ‘ನೋಡೋಣ’ ಅಂದ ಕೂಡಲೇ ‘ಆಯ್ತು ಸಾರ್, ಬುಧವಾರ ಬೆಳಿಗ್ಗೆ ಬಂದು ಕೇಳ್ತೀನಿ’ ಅನ್ನಿ. ಸರ್ಕಾರಿ ಸೇವೆಗಳಿಗೆ ನಮ್ಮ ರಾಜ್ಯದಲ್ಲಿ 2011ರ ‘ಸಕಾಲ’ ಕಾಯ್ದೆ ಇದೆ. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ ಒಂದು ಸಂಖ್ಯೆ ಕೊಡಬೇಕು, ಇಷ್ಟು ದಿನದೊಳಗೆ ಮುಗಿಸಬೇಕು ಅಂತ ಗಡುವಿದೆ. ನನ್ನ ಕಣ್ಣಿಗೆ ಅದು ‘ನೋಡೋಣ’ಕ್ಕೆ ದಿನಾಂಕ ಹಾಕಿಸಿದ ಕಾಯ್ದೆ.

ನಾದಿನಿಯ ಮಾತಿಗೆ ಬರೋಣ. ‘ಬೇಜಾರು ಮಾಡ್ಕೋಬೇಡಿ’, ‘ತಪ್ಪು ತಿಳ್ಕೋಬೇಡಿ’, ‘ಏನೂ ಅಂದ್ಕೋಬೇಡಿ’. ಮೂರರಲ್ಲೂ ನಡುವೆ ಒಂದು ‘ಕೋ’ ಇದೆ, ಗಮನಿಸಿ. ಅದು ‘ಕೊಳ್ಳು’. ‘ಮಗುವಿಗೆ ತಲೆ ಬಾಚು’ ಅಂತೇವೆ, ‘ನೀನು ತಲೆ ಬಾಚ್ಕೋ’ ಅಂತೇವೆ. ಕೆಲಸ ನಮಗಾಗಿ ನಾವೇ ಮಾಡಿದರೆ ‘ಕೊಳ್ಳು’ ಬರುತ್ತದೆ. ಈಗ ‘ಬೇಜಾರು ಮಾಡ್ಕೋಬೇಡಿ’ ಅನ್ನುವುದನ್ನು ಇನ್ನೊಮ್ಮೆ ಕೇಳಿ. ಬೇಜಾರು ಮಾಡಲು ಹೊರಟಿರುವುದು ಅವರು. ವ್ಯಾಕರಣ ಮಾತ್ರ ‘ಬೇಜಾರು ನೀವೇ ಮಾಡಿಕೊಳ್ಳುವ ಕೆಲಸ’ ಅನ್ನುತ್ತಿದೆ. ಆಮೇಲೆ ನಿಮ್ಮ ಮುಖ ಚಿಕ್ಕದಾದರೆ ‘ನಾನು ಮೊದ್ಲೇ ಹೇಳಿದ್ನಲ್ಲ’ ಅನ್ನುವ ದಾರಿಯೂ ತೆರೆದಿದೆ.

ಎಲ್ಲರೂ ಹೀಗೆ ಲೆಕ್ಕ ಹಾಕಿ ಮಾತಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಬಹಳ ಜನಕ್ಕೆ ಅದು ಬಾಯಿಗೆ ಬಂದುಬಿಟ್ಟಿರುವ ಮಾತು. ಒಳ್ಳೆಯ ಮನಸ್ಸಿನಿಂದಲೂ ಹೇಳುವವರಿದ್ದಾರೆ. ಆದರೆ ಇದಕ್ಕೆ ಉತ್ತರ ನಮ್ಮ ಕನ್ನಡದಲ್ಲೇ ಸಿದ್ಧವಾಗಿದೆ. ನಮ್ಮಲ್ಲಿ ಬೇಜಾರು ‘ಆಗುತ್ತದೆ’. ‘ನನಗೆ ಬೇಜಾರಾಯ್ತು’, ‘ನನಗೆ ಕೋಪ ಬಂತು’, ‘ನನಗೆ ಹಸಿವಾಯ್ತು’. ಇವು ನಾವು ಮಾಡಿಕೊಳ್ಳುವ ಕೆಲಸಗಳಲ್ಲ, ನಮಗೆ ಬಂದು ಒದಗುವಂಥವು. ಅದಕ್ಕೇ ಕನ್ನಡ ‘ನಾನು’ ಅನ್ನದೆ ‘ನನಗೆ’ ಅನ್ನುತ್ತದೆ. ಮುಂದಿನ ಸಲ ನಾದಿನಿ ಶುರು ಮಾಡಿದರೆ ನಗುನಗುತ್ತಲೇ ಹೇಳಿ: ‘ನಾನಾಗಿ ಮಾಡ್ಕೊಳ್ಳಲ್ಲಮ್ಮ. ಆದ್ರೆ ಬೇಜಾರು ಆಗೋ ಮಾತಾಗಿದ್ರೆ ಆಗೇ ಆಗುತ್ತೆ.’ ಅಷ್ಟು ಸಾಕು. ಮಾತನ್ನು ಆಡುವುದಾ ಬಿಡುವುದಾ ಅಂತ ಅವರು ಒಂದು ಕ್ಷಣ ಯೋಚಿಸುತ್ತಾರೆ.

ಬಸ್ಸಿನಲ್ಲಿ ಕೇಳುವ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ಯಲ್ಲೂ ಇದೇ ‘ಕೊಳ್ಳು’. ನೀವು ಅದನ್ನು ಬರೆದಿಲ್ಲ, ಆದರೆ ನನ್ನ ಬಳಿ ಬರುವ ದೂರುಗಳಲ್ಲಿ ಅದಕ್ಕೇ ಮೊದಲ ಜಾಗ. ಇಬ್ಬರ ಸೀಟಿನಲ್ಲಿ ಮೂರನೆಯವರು ಅರ್ಧ ಕೂತು ಈ ಮಾತು ಹೇಳುತ್ತಾರೆ. ಮೊಣಕಾಲು ಮುಂದಿನ ಸೀಟಿನ ಕಂಬಿಗೆ ಒತ್ತುತ್ತದೆ, ಟಿಫನ್ ಡಬ್ಬಿಯ ಚೀಲ ತೊಡೆಯ ಮೇಲೆ ಬರುತ್ತದೆ. ಅನುಕೂಲ ಅವರಿಗೆ, ‘ಕೊಳ್ಳಿ’ ನಿಮಗೆ. ಇದನ್ನೇ ‘ಸ್ವಲ್ಪ ಜಾಗ ಮಾಡಿಕೊಡ್ತೀರಾ?’ ಅಂತ ಕೇಳಿದ್ದರೆ ಯಾರಿಗೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಯಾಕೆಂದರೆ ‘ಕೊಡು’ ಬಂದ ಕೂಡಲೇ ‘ಉಪಕಾರ ನಿಮ್ಮದು, ಪಡೆಯುವವನು ನಾನು’ ಅಂತ ಒಪ್ಪಿಕೊಂಡ ಹಾಗೆ. ಎರಡೂ ಮಾತಿನಲ್ಲಿ ಬೇಡುವುದು ಒಂದೇ, ಅದೇ ಒಂದು ಗೇಣು ಜಾಗ. ಕೊಳ್ಳು, ಕೊಡು, ಇಷ್ಟೇ ವ್ಯತ್ಯಾಸ. ಕನ್ನಡ ಇಂಥ ಸೂಕ್ಷ್ಮಗಳನ್ನು ಎಷ್ಟು ಚಿಕ್ಕ ಜಾಗದಲ್ಲಿ ಇಟ್ಟಿದೆ ನೋಡಿ. ಇಷ್ಟು ವರ್ಷ ಪಾಠ ಮಾಡಿದ ಮೇಲೂ ನನಗೆ ಇದು ಸೋಜಿಗವೇ.

‘ಆಂಟಿ’ ವಿಷಯ ಬೇಗ ಹೇಳಿ ಮುಗಿಸಬಹುದು, ಆದರೆ ಅದರ ಹಿಂದೆ ಒಂದು ದೊಡ್ಡ ಮನೆಯೇ ಇದೆ. ಅಮ್ಮನ ಅಕ್ಕ ದೊಡ್ಡಮ್ಮ, ಅಮ್ಮನ ತಂಗಿ ಚಿಕ್ಕಮ್ಮ, ಅಪ್ಪನ ಅಕ್ಕತಂಗಿಯರು ಅತ್ತೆ. ಇಷ್ಟನ್ನೂ ‘ಆಂಟಿ’ ಒಂದೇ ಚೀಲಕ್ಕೆ ತುಂಬುತ್ತದೆ. ಯಾವ ಕಡೆಯ ನಂಟು ಅನ್ನುವುದು ಅಳಿಸಿಹೋಗಿ, ‘ನೀವು ನನಗಿಂತ ಒಂದು ತಲೆಮಾರು ಹಿರಿಯರು’ ಅನ್ನುವುದೊಂದೇ ಉಳಿಯುತ್ತದೆ. ಬೇರೆ ಏನೂ ಹೇಳದೆ ವಯಸ್ಸನ್ನು ಮಾತ್ರ ಹೇಳುವ ಪದ ಕೇಳಿದರೆ ಯಾರಿಗೆ ಹಿತವಾಗುತ್ತದೆ?

ನಮ್ಮ ಬೀದಿಗೆ ಬೆಳಿಗ್ಗೆ ಸೊಪ್ಪು ತರುವ ಹೆಂಗಸಿಗೆ ಅರವತ್ತರ ಹತ್ತಿರ ಇರಬಹುದು. ಬುಟ್ಟಿ ಇಳಿಸಿ, ಒದ್ದೆ ಗೋಣಿ ತಾಟು ಸರಿಸಿ, ಮೂವತ್ತು ದಾಟದ ಹುಡುಗಿಯರಿಗೂ ‘ಅಕ್ಕಾ, ದಂಟು ಎಳೇದಿದೆ ನೋಡಕ್ಕಾ’ ಅನ್ನುತ್ತಾಳೆ. ಯಾರೂ ಮುಖ ಸಿಂಡರಿಸಿದ್ದನ್ನು ನಾನು ಕಂಡಿಲ್ಲ. ‘ಅಕ್ಕ’ ವಯಸ್ಸಿನ ಲೆಕ್ಕ ಬಿಟ್ಟು ಗೌರವಕ್ಕೆ ನಿಂತಿದೆ. ‘ಅಮ್ಮ’ನಂತೂ ಮೂರು ವರ್ಷದ ಮಗುವಿಗೂ ಸಲ್ಲುತ್ತದೆ, ‘ಬಾಮ್ಮ’, ‘ಯಾಕಮ್ಮ ಅಳ್ತೀಯ’. ಈ ಪದಗಳು ಎಷ್ಟೋ ಕಾಲದಿಂದ ಎಲ್ಲರ ನಾಲಗೆಯ ಮೇಲೆ ಓಡಾಡಿ ಮೆತ್ತಗಾಗಿವೆ. ‘ಆಂಟಿ’ ಇನ್ನೂ ಆ ಹದಕ್ಕೆ ಬಂದಿಲ್ಲ. ಅಂಗಡಿ ಹುಡುಗನಿಗೆ ‘ಆಂಟಿ ಬೇಡಪ್ಪ, ಅಕ್ಕ ಅನ್ನು’ ಅಂತ ಒಂದು ಸಲ ಹೇಳಿ ನೋಡಿ. ಅವನಿಗೆ ನಷ್ಟ ಏನೂ ಇಲ್ಲ. ಮರುದಿನದಿಂದ ಹಾಗೇ ಕರೆಯುತ್ತಾನೆ.

ಇನ್ನು ‘ಪರವಾಗಿಲ್ಲ’. ಇದಕ್ಕೆ ಸ್ವಲ್ಪ ಸುತ್ತಿ ಬರುತ್ತೇನೆ.

ಕನ್ನಡದಲ್ಲಿ ಈಗ ನಮ್ಮ ಕೈಗೆ ಸಿಗುವ ಅತಿ ಹಳೆಯ ಗ್ರಂಥ 9ನೆಯ ಶತಮಾನದ ‘ಕವಿರಾಜಮಾರ್ಗ’. ಅದರಲ್ಲಿ ‘ಕನ್ನಡಂಗಳ್’ ಅಂತ ಬಹುವಚನ ಬರುತ್ತದೆ. ಒಂದೊಂದು ನಾಡಿನ ಮಾತು ಒಂದೊಂದು ಬಗೆ, ಅವುಗಳಲ್ಲಿ ದೋಷ ಇಷ್ಟೇ ಅಂತ ಎಣಿಸಲು ಹೋದರೆ ವಾಸುಕಿಗೂ ತಿಳಿಯದೆ ಬೇಸರ ಬರುತ್ತದೆ ಅನ್ನುತ್ತದೆ ಆ ಪದ್ಯ. ಅಂದರೆ ಒಂದೇ ಕನ್ನಡದೊಳಗೆ ಒಬ್ಬರ ಸಹಜ ಮಾತು ಇನ್ನೊಬ್ಬರಿಗೆ ಬೇಸರ ತರುವುದು ಆಗಲೇ ಗೊತ್ತಿತ್ತು. ಮಂಗಳೂರಿನವರು ‘ನಿಮಗೆ ಎಂತ ಬೇಕು?’ ಅಂದರೆ ಮೈಸೂರಿನ ಕಿವಿಗೆ ಗದರಿಸಿದ ಹಾಗೆ ಕೇಳಬಹುದು. ಅವರು ಕೇಳಿದ್ದು ‘ಏನು ಬೇಕು’ ಅಂತಷ್ಟೇ.

‘ಪರವಾಗಿಲ್ಲ’ದಲ್ಲಿರುವ ‘ಪರವಾ’ ಫಾರಸಿಯದು. ಚಿಂತೆ, ಲಕ್ಷ್ಯ ಅಂತ ಅರ್ಥ. ‘ಪರವಾ ಇಲ್ಲ’ ಅಂದರೆ ‘ಚಿಂತೆ ಇಲ್ಲ’. ಯಾರಾದರೂ ನಮ್ಮ ಕಾಲು ತುಳಿದು ಕ್ಷಮೆ ಕೇಳಿದರೆ ಹೇಳುವ ಮಾತು. ಬಳಸುತ್ತಾ ಬಳಸುತ್ತಾ ‘ಅಡ್ಡಿ ಇಲ್ಲ, ನಡೆಯುತ್ತೆ’ ಆಯಿತು. ಅಲ್ಲಿಂದ ‘ಚೆನ್ನಾಗೇ ಇದೆ’ವರೆಗೂ ಹೋಯಿತು. ಈ ಮೂರು ಅರ್ಥಗಳೂ ಇವತ್ತು ಒಟ್ಟಿಗೆ ಬದುಕಿವೆ. ಹೇಳುವವರು ಒಂದು ಮೆಟ್ಟಿಲ ಮೇಲೆ ನಿಂತು ಹೇಳುತ್ತಾರೆ, ಕೇಳುವವರು ಇನ್ನೊಂದು ಮೆಟ್ಟಿಲ ಮೇಲೆ ನಿಂತು ಕೇಳುತ್ತಾರೆ.

ನಾನು ಮಂಡ್ಯ ಕಡೆಯವನು, ನನ್ನ ಹೆಂಡತಿ ಶಿರಸಿ ಕಡೆಯವಳು. ಮದುವೆಯಾದ ಹೊಸತು. ಒಂದು ದಿನ ಒಂದೆಲಗದ ತಂಬುಳಿ ಮಾಡಿದ್ದಳು. ನನಗೆ ಅದು ಹೊಸ ರುಚಿ, ನಿಜವಾಗಿಯೂ ಹಿಡಿಸಿತು. ಹೇಗಿದೆ ಅಂದಳು. ‘ಪರವಾಗಿಲ್ಲ’ ಅಂದೆ. ನಮ್ಮ ಮನೆಯಲ್ಲಿ ಅದೇ ಹೊಗಳಿಕೆ. ನನ್ನ ಅಪ್ಪ ಹಬ್ಬದ ಒಬ್ಬಟ್ಟಿಗೂ ಅದಕ್ಕಿಂತ ಹೆಚ್ಚು ಹೇಳಿದವರಲ್ಲ. ಅವಳು ಏನೂ ಮಾತಾಡದೆ ತಟ್ಟೆ ಎತ್ತಿಕೊಂಡು ಹೋದಳು. ಒಂದು ತಿಂಗಳ ನಂತರ ಮಾವನವರು ನಮ್ಮಲ್ಲಿಗೆ ಬಂದಿದ್ದರು. ಅದೇ ತಂಬುಳಿ ಕುಡಿದು, ಬಾಯಿ ಚಪ್ಪರಿಸಿ, ‘ಅಡ್ಡಿಲ್ಲೆ’ ಅಂದರು. ಅವಳ ಮುಖ ಅರಳಿತು. ನಾನು ನೋಡುತ್ತಾ ಕೂತೆ. ‘ಪರವಾ ಇಲ್ಲ’, ‘ಅಡ್ಡಿ ಇಲ್ಲ’, ಎರಡೂ ಒಂದೇ ಅಚ್ಚಿನ ಮಾತು. ಒಂದು ಅವಳ ತೌರಿನದು, ಇನ್ನೊಂದು ಅಲ್ಲ.

ನಮ್ಮ ಹಿಂದಿನವರು ನೇರವಾಗಿ ಹೊಗಳಲು ಹಿಂಜರಿಯುತ್ತಿದ್ದರು. ಮಗು ಚೆಂದ ಇದೆ ಅಂದರೆ ದೃಷ್ಟಿ ತಾಗುತ್ತದೆ ಅಂತ ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತಿದ್ದರು. ಒಳ್ಳೆಯದನ್ನು ‘ಕೆಟ್ಟದ್ದೇನಿಲ್ಲ’ ಅಂತ ಹಿಂಬಾಗಿಲಿನಿಂದ ಹೇಳುವುದು ಅದೇ ಮನಸ್ಸಿನಿಂದ ಬಂದಿರಬಹುದು ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಯಜಮಾನರ ‘ಪರವಾಗಿಲ್ಲ’ ಅವರ ಮನೆಯ ಅಳತೆಯಲ್ಲಿ ತುಂಬಿದ ಸೇರೇ ಇರಬಹುದು. ನಿಮ್ಮ ಅತ್ತೆಯ ಅಡುಗೆಗೆ ಅವರು ಏನು ಹೇಳುತ್ತಿದ್ದರು ಅಂತ ನೆನಪು ಮಾಡಿಕೊಳ್ಳಿ.

ಹಾಗಂತ ನೀವು ಸುಮ್ಮನಿರಬೇಕು ಅಂತಲ್ಲ. ಗಂಟೆಗಟ್ಟಲೆ ಒಲೆ ಮುಂದೆ ನಿಂತವರಿಗೆ ಒಂದು ನೇರ ಮಾತು ಕೇಳುವ ಹಕ್ಕಿದೆ. ‘ಹೇಗಿದೆ?’ ಅಂತ ಕೇಳುವುದನ್ನು ಸ್ವಲ್ಪ ದಿನ ಬಿಟ್ಟುಬಿಡಿ. ಆ ಪ್ರಶ್ನೆಗೆ ‘ಪರವಾಗಿಲ್ಲ’ ಬಾಯಲ್ಲಿ ರೆಡಿಯಾಗಿ ಕೂತಿರುತ್ತದೆ. ಬದಲಿಗೆ ‘ಹುಳಿ ಜಾಸ್ತಿ ಆಯ್ತಾ?’, ‘ಇಂಗು ಗೊತ್ತಾಗ್ತಾ ಇದೆಯಾ?’, ‘ಹೋದ ವಾರದ ಸಾರು ಚೆನ್ನಾಗಿತ್ತಾ, ಇದಾ?’ ಅಂತ ಕೇಳಿ. ಇವಕ್ಕೆ ಆ ಒಂದು ಪದದಲ್ಲಿ ಉತ್ತರ ಕೊಡಲು ಆಗುವುದಿಲ್ಲ. ನಾಲಗೆಗೆ ಕೇಳಿ ಹೇಳಬೇಕಾಗುತ್ತದೆ.

ಮತ್ತೆ, ಒಂದು ದಿನ ಊಟದ ಹೊತ್ತು ಬಿಟ್ಟು, ಸಂಜೆ ಕಾಫಿ ಕುಡಿಯುತ್ತಾ ಕೂತಾಗ ನೇರವಾಗಿಯೇ ಹೇಳಿಬಿಡಿ: ‘ನೀವು ಪರವಾಗಿಲ್ಲ ಅಂದಾಗಲೆಲ್ಲ ಅಡುಗೆ ಕೆಟ್ಟಿದೆ ಅಂತ ನನಗೆ ಕೇಳಿಸುತ್ತೆ.’ ಹತ್ತೊಂಬತ್ತು ವರ್ಷದಲ್ಲಿ ಇದು ಅವರಿಗೆ ಗೊತ್ತೇ ಆಗಿಲ್ಲದಿರಬಹುದು. ನನ್ನ ಹೆಂಡತಿ ಹೇಳುವವರೆಗೆ ನನಗೂ ಗೊತ್ತಿರಲಿಲ್ಲ.